ದನಿ ರಜೆಯಲ್ಲಿದ್ದಾಗ

ವಿಜಯವಾಡಕ್ಕೆ ವರ್ಗವಾಗಿ ಬಂದ ನಾಲ್ಕನೇ ವರ್ಷ ನನ್ನ ದನಿ ಕೆಟ್ಟಿತು. ಮೊದಮೊದಲು ಸಂಜೆಯ ಹೊತ್ತಿಗೆ ಮಾತ್ರ ಒಡೆಯುತ್ತಿತ್ತು. ಬ್ಯಾಂಕಿನ ಕೌಂಟರಿನಲ್ಲಿ ಗಾಜಿನ ಹಿಂದೆ ಕೂತು ದಿನವಿಡೀ ಮಾತಾಡುವ ಕೆಲಸ ನನ್ನದು. ತಲೆಯ ಮೇಲೆ ಟೋಕನ್ ಕರೆಯುವ ಯಂತ್ರ ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಕೂಗುತ್ತಲೇ ಇರುತ್ತದೆ. ಅದರ ದನಿ ಅಡಗಿದ ಮೇಲೆ ಮಾತಾಡೋಣವೆಂದು ಕಾದರೆ ಸಾಲು ಬೆಳೆಯುತ್ತದೆ. ಹಾಗಾಗಿ ನಾನು ಅದಕ್ಕಿಂತ ಮೇಲೆ ದನಿ ಏರಿಸುತ್ತಿದ್ದೆ. ಮನೆಗೆ ಬಂದರೆ ಮಗಳನ್ನು ಕರೆಯಲು ದನಿ ಉಳಿದಿರುತ್ತಿರಲಿಲ್ಲ. ಕೊನೆಗೊಂದು ದಿನ ಬೆಳಿಗ್ಗೆಯೂ ಬರಲಿಲ್ಲ.

ಗಂಟಲಿನ ಡಾಕ್ಟರು ಮೂಗಿನಿಂದ ಸಣ್ಣ ಕೊಳವೆ ಇಳಿಸಿ, ಪರದೆಯ ಮೇಲೆ ನನ್ನ ದನಿಯ ತಂತುಗಳನ್ನು ನನಗೇ ತೋರಿಸಿದರು. ಎರಡು ಬಿಳಿ ಪಟ್ಟಿಗಳು, ಅದರಲ್ಲೊಂದರ ಅಂಚಿನಲ್ಲಿ ಬೆಂದ ಸಾಬುದಾಣಿಯಂಥ ಒಂದು ಕಾಳು. ನಲವತ್ತು ವರ್ಷ ನಾನು ಮಾತಾಡಿದ್ದೆಲ್ಲ ಇಷ್ಟು ಸಣ್ಣ ಜಾಗದಿಂದಲೇ ಎಂದು ನೋಡಿ ನನಗೆ ಒಂದು ಥರ ದಿಗಿಲಾಯಿತು.

"ಸಣ್ಣ ಆಪರೇಷನ್ ಮೇಡಂ, ಮರುದಿನ ಮನೆಗೆ ಹೋಗ್ತೀರಿ. ಆದ್ರೆ ಆಮೇಲೆ ಎರಡು ವಾರ ಪೂರ್ತಿ ಮೌನ," ಅಂದರು. ಅವರು ತೆಲುಗಿನಲ್ಲಿ ಹೇಳಿದ್ದನ್ನು ನಾನು ಮನಸ್ಸಿನಲ್ಲೇ ಕನ್ನಡ ಮಾಡಿಕೊಳ್ಳುತ್ತಿದ್ದೆ. "ಗುಸುಗುಸು ಕೂಡ ಬೇಡ. ಪಿಸುಮಾತಿನಿಂದ ಗಂಟಲು ಇನ್ನೂ ಬಿಗಿಯುತ್ತೆ. ಒಂದು ಮಾತೂ ಆಡಬಾರದು."

ಆಪರೇಷನ್ನಿನ ದಿನ ನಮ್ಮ ಮನೆಯವರು ಬೆಳಿಗ್ಗೆಯೇ ಮಗಳನ್ನು ಕರೆದುಕೊಂಡು ಇಂದ್ರಕೀಲಾದ್ರಿಯ ಮೇಲಿನ ದುರ್ಗೆಯ ಗುಡಿಗೆ ಹತ್ತಿಳಿದು, ಹಣೆ ತುಂಬ ಕುಂಕುಮದೊಂದಿಗೆ ಆಸ್ಪತ್ರೆಗೆ ಬಂದಿದ್ದರು. ಅವರ ಕೆಲಸ ವಿಶಾಖಪಟ್ಟಣದ ಬಂದರಿನಲ್ಲಿ, ಹಡಗಿನ ಸರಕು ಇಳಿಸಿ ಸಾಗಿಸುವ ಒಂದು ಕಂಪನಿಯಲ್ಲಿ. ವಾರದ ಕೊನೆಗೆ ಬಂದು ಹೋಗುತ್ತಾರೆ. ಆ ಸಲ ಮೂರು ದಿನ ರಜೆ ಹಾಕಿ ಉಳಿದರು, ಆಮೇಲೆ ಹೋಗಲೇಬೇಕಾಯಿತು. ಧಾರವಾಡದಿಂದ ಅವ್ವ ತಾನು ಬರುತ್ತೇನೆಂದಳು. ಬೇಡವೆಂದು ಹೇಳಿಸಿದೆ. ಅವಳು ಬಂದರೆ ಮಾತಾಡದೆ ಇರುವುದು ನನ್ನಿಂದ ಸಾಧ್ಯವಿರಲಿಲ್ಲ.

ಹಾಗಾಗಿ ಪಟಮಟ ಬಡಾವಣೆಯ ಬಾಡಿಗೆ ಮನೆಯಲ್ಲಿ ಉಳಿದವರು ನಾನು ಮತ್ತು ಐದನೇ ಕ್ಲಾಸಿನ ಮಗಳು. ಅವಳಿಗೆ ಶಾಲೆಯಲ್ಲಿ ತೆಲುಗು, ಇಂಗ್ಲಿಷು. ಆಟದಲ್ಲಿ, ಬಸ್ಸಿನಲ್ಲಿ, ಕನಸಿನಲ್ಲಿ ತೆಲುಗು. ಕನ್ನಡ ಬರುವುದು ನಾಲಿಗೆಯ ಮೇಲೆ ಮಾತ್ರ, ಅದೂ ನಮ್ಮಿಬ್ಬರ ಜೊತೆ ಮತ್ತು ಫೋನಿನಲ್ಲಿ ಅಜ್ಜಿಯ ಜೊತೆ. ಓದಲು, ಬರೆಯಲು ಬಾರದು.

ಮೌನವೆಂದರೆ ವಿಶ್ರಾಂತಿ ಎಂದುಕೊಂಡಿದ್ದೆ. ಮೊದಲ ದಿನವೇ ಅದು ಸುಳ್ಳೆಂದು ತಿಳಿಯಿತು. ಒಂದು ಕಡೆ ಕೂರಲಾಗುತ್ತಿರಲಿಲ್ಲ. ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲ್‌ಗೆ ನಡೆಯುತ್ತಿದ್ದೆ. ಕುಕ್ಕರಿನ ಸೀಟಿ ಎಣಿಸುವಾಗಲೂ ತುಟಿ ಅಲುಗುತ್ತಿತ್ತು, ಥಟ್ಟನೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದೆ. ಮಗಳು ಕೋಣೆಯಲ್ಲಿದ್ದರೆ ಕರೆಯುವುದು ಹೇಗೆ? ಚಪ್ಪಾಳೆ ತಟ್ಟಿದೆ. ಬರಲಿಲ್ಲ. ಸ್ಟೀಲ್ ತಟ್ಟೆಗೆ ಚಮಚದಿಂದ ಬಾರಿಸಿದೆ. ಬಾಗಿಲಲ್ಲಿ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ನಾ ಏನ್ ನಾಯಿ ಏನು, ಚಪ್ಪಾಳಿ ಹೊಡದು ಕರೀತಿ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡೆ.

ಆಮೇಲೆ ಚೀಟಿಯಲ್ಲಿ ಇಂಗ್ಲಿಷ್ ಬರೆಯತೊಡಗಿದೆ. ಹಾಲು ಕುಡಿ, ಹೋಂವರ್ಕ್ ಮುಗಿಸು, ಕೊಡೆ ಮರೆಯಬೇಡ. ನಮ್ಮಿಬ್ಬರ ನಡುವೆ ಎಂದೂ ಬಳಕೆಯಲ್ಲಿಲ್ಲದ ಭಾಷೆ. ಬರೆಯುವಾಗ ನನ್ನ ಕೈ ತಾನಾಗಿಯೇ ಬ್ಯಾಂಕಿನ ಪತ್ರದ ಧಾಟಿ ಹಿಡಿಯುತ್ತಿತ್ತು, ಪ್ರತಿ ಸಾಲಿನಲ್ಲೂ ಒಂದು ಪ್ಲೀಸ್. ಅವಳು ಓದಿ, "ಯೆಸ್ ಮ್ಯಾಮ್," ಅಂದಳು. ಮರುದಿನ ಅದನ್ನೇ ನಗದೆ ಅಂದಳು. ಅದು ನನಗೆ ಚುಚ್ಚಿತು.

ಆಗ ನೆನಪಾದದ್ದು ಫೋನು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಅದರಲ್ಲಿತ್ತು, ಕನ್ನಡಕ್ಕೂ ಒಂದು ಹೆಣ್ಣು ದನಿ ಇತ್ತು. ಬೆಳಿಗ್ಗೆ ಮಗಳ ಹಾಸಿಗೆಯ ಪಕ್ಕ ಕೂತು ಟೈಪ್ ಮಾಡಿದೆ: "ಏನವಾ, ಇನ್ನೂ ಮಕ್ಕೊಂಡೀಯೇನು?" ಗುಂಡಿ ಒತ್ತಿದೆ. ಫೋನು ಅದನ್ನು ವಾರ್ತೆ ಓದುವವರ ಗಾಂಭೀರ್ಯದಲ್ಲಿ, ಮಕ್ಕೊಂಡೀಯೇನು ಎಂಬುದನ್ನು ಯಾವುದೋ ಊರಿನ ಹೆಸರಿನಂತೆ ಬಿಡಿಬಿಡಿಯಾಗಿ ಹೇಳಿತು. ಮಗಳು ಎದ್ದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಆಕಿಗೆ ನಮ್ಮ ಮಾತು ಬರಂಗಿಲ್ಲ ಅಮ್ಮಾ! ಇನ್ನೊಮ್ಮೆ ಹೇಳ್ಸು!"

ಅವಳು ನಕ್ಕದ್ದು ನೋಡಿ ನನಗೂ ನಗು ಬಂತು. ನಗುವೂ ಗಂಟಲಿಗೆ ಒಳ್ಳೆಯದಲ್ಲವೆಂದು ಹೆದರಿ ತಡೆದುಕೊಂಡೆ. ಫೋನಿಗೆ ಬರುತ್ತಿದ್ದದ್ದು ಪುಸ್ತಕದ ಕನ್ನಡ. ಹಾಗಾಗಿ ನಾನು ಪುಸ್ತಕದ ಕನ್ನಡದಲ್ಲೇ ಬರೆಯತೊಡಗಿದೆ. "ಇನ್ನೂ ಮಲಗಿದ್ದೀಯಾ? ಬೇಗ ಏಳು. ಬಸ್ಸು ಬರುತ್ತದೆ." ಇದನ್ನು ಅದು ಚೆನ್ನಾಗಿ ಹೇಳಿತು. ಎರಡು ದಿನದಲ್ಲಿ ಮಗಳು ಅದಕ್ಕೆ ಫೋನಮ್ಮ ಎಂದು ಹೆಸರಿಟ್ಟಳು. ಅದರದೇ ಧಾಟಿಯಲ್ಲಿ ಉತ್ತರ ಕೊಡಲೂ ಕಲಿತಳು. ನೆಟ್ಟಗೆ ನಿಂತು, "ನಾನು ಗಣಿತದ ಲೆಕ್ಕಗಳನ್ನು ಮುಗಿಸಿದ್ದೇನೆ," ಎಂದು ಒಪ್ಪಿಸುವಳು.

ಕೆಲಸವೇನೋ ನಡೆಯುತ್ತಿತ್ತು. ಆದರೆ ನನ್ನ ಚಡಪಡಿಕೆ ಹೆಚ್ಚುತ್ತಲೇ ಹೋಯಿತು. ಬೈಯುವುದನ್ನು ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಬೈಯಿಸಿಕೊಳ್ಳಬೇಕಾದವಳು ತಟ್ಟೆ ತೊಳೆದಿಟ್ಟು ಕೆಳಗೆ ಆಡಲು ಹೋಗಿರುತ್ತಿದ್ದಳು. ಖಾಲಿ ಅಡುಗೆಮನೆಯಲ್ಲಿ ಫೋನು ಬೈಯುತ್ತಿತ್ತು. ಅದಕ್ಕೆ ಸಿಟ್ಟಿಗೂ ಮುದ್ದಿಗೂ ಇದ್ದದ್ದು ಒಂದೇ ದನಿ. ಎಲ್ಲಕ್ಕಿಂತ ನನಗೆ ಸಹಿಸಲಾಗದ್ದೆಂದರೆ, ಅದು ಮಾತಾಡುವಾಗ ಮಗಳು ಫೋನನ್ನು ನೋಡುತ್ತಿದ್ದಳು, ನನ್ನನ್ನಲ್ಲ. ನಾನು ಅದನ್ನು ಗದ್ದದ ಹತ್ತಿರ ಹಿಡಿಯತೊಡಗಿದೆ, ಕಣ್ಣಾದರೂ ನನ್ನ ಮುಖದ ಕಡೆ ಬರಲಿ ಎಂದು. ಅವಳ ಕಣ್ಣು ಗದ್ದದಲ್ಲೇ ನಿಂತುಬಿಡುತ್ತಿತ್ತು.

ಸಂಜೆ ಮನೆಯವರ ಫೋನು ಬರುತ್ತಿತ್ತು. ನಾನು ಉತ್ತರ ಕೊಡುವಂತಿಲ್ಲವಲ್ಲ, ಹೌದು ಅನ್ನಲು ಉಗುರಿನಿಂದ ಫೋನನ್ನು ಒಮ್ಮೆ ತಟ್ಟುವುದು, ಅಲ್ಲ ಅನ್ನಲು ಎರಡು ಸಲ ಎಂದು ಮಾಡಿಕೊಂಡಿದ್ದೆವು.

"ಔಷಧ ತಗೊಂಡ್ಯಾ?"

ಟಕ್.

"ನೋವು ಐತೇನು?"

ಟಕ್ ಟಕ್.

ಎರಡು ನಿಮಿಷದಲ್ಲಿ ಅವರ ಪ್ರಶ್ನೆಗಳು ಮುಗಿದುಹೋಗುತ್ತಿದ್ದವು. ಆಮೇಲೆ ಆ ಕಡೆಯೂ ಮೌನ. "ಇದ್ದಿ ಇಲ್ಲೋ?" ಎಂದು ಕೇಳುವರು. ಟಕ್. ಮದುವೆಯಾದಾಗಿನಿಂದ ಮಾತಿನ ಭಾರವೆಲ್ಲ ನಾನೇ ಹೊತ್ತಿದ್ದೆ, ಅವರು ಹೂಂಗುಟ್ಟುತ್ತಿದ್ದರು. ಈಗ ಅವರು ಮಾತಾಡಬೇಕಾಗಿ ಬಂತು. ಮೊದಲು ತಡವರಿಸಿದರು. ಆಮೇಲೆ ಬಂದರಿನ ವಿಷಯ ಹೇಳತೊಡಗಿದರು. ಯಾವ ಹಡಗು ಬಂತು, ಕಲ್ಲಿದ್ದಲ ಧೂಳು ಅಂಗಿಯ ಕಾಲರಿಗೆ ಹೇಗೆ ಹತ್ತುತ್ತದೆ, ಮೆಸ್ಸಿನ ಸಾಂಬಾರು ಎಷ್ಟು ಖಾರ. ಒಂದು ಸಂಜೆ, "ಇಲ್ಲಿ ಒಬ್ಬನ ಇದ್ದು ಇದ್ದು ಬ್ಯಾಸರಾಗೇತಿ," ಅಂದರು. ಹಾಗೆ ಅವರು ಹಿಂದೆಂದೂ ಅಂದಿರಲಿಲ್ಲ. ಕೇಳಬೇಕಾದ್ದು ನನಗೆ ಎಷ್ಟೋ ಇತ್ತು. ಒಮ್ಮೆ ತಟ್ಟಿದೆ. ಎರಡು ಸಲ ತಟ್ಟಿದೆ. ಯಾವುದೂ ಸರಿಯಾದ ಉತ್ತರವಲ್ಲ. "ಏನಂದಿ? ಹೌದೋ ಅಲ್ಲೋ?" ಎಂದು ಅವರು ನಕ್ಕು ಫೋನಿಟ್ಟರು.

ಆ ಶನಿವಾರ ಹಡಗೊಂದು ತಡವಾಗಿ ಬಂದು ಅವರಿಗೆ ರಜೆ ಸಿಗಲಿಲ್ಲ. ನನಗೂ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ತಿಂಗಳ ಎರಡನೇ ಶನಿವಾರವಾದ್ದರಿಂದ ಮಗಳ ಶಾಲೆಗೂ ರಜೆ. ನಾವೇ ವಿಶಾಖಪಟ್ಟಣದ ರೈಲು ಹತ್ತಿದೆವು.

ಎದುರಿನ ಸೀಟಿನಲ್ಲಿ ಒಬ್ಬ ಹೆಂಗಸು, ಏಲೂರಿನಲ್ಲಿ ಹತ್ತಿದವರು. ನಾನು ಟೈಪ್ ಮಾಡುವುದು, ಫೋನು ಮಾತಾಡುವುದು ನೋಡಿ ಅವರಿಗೆ ತಡೆಯಲಾಗಲಿಲ್ಲ. ಮಗಳನ್ನು ಕೇಳಿದರು: "ಮೀ ಅಮ್ಮಕಿ ವಿನಪಡದಾ?" ನಿಮ್ಮ ಅಮ್ಮನಿಗೆ ಕಿವಿ ಕೇಳುವುದಿಲ್ಲವೇ ಎಂದು.

ಮಗಳು ನನ್ನ ಕಡೆ ನೋಡಿದಳು. ಆಪರೇಷನ್ನು, ಡಾಕ್ಟರು, ಎರಡು ವಾರ, ಇದನ್ನೆಲ್ಲ ಆ ಬೆಳಿಗ್ಗೆ ಅವಳು ಆಗಲೇ ಆಟೋದವರಿಗೂ ಚಹಾದವರಿಗೂ ವಿವರಿಸಿ ದಣಿದಿದ್ದಳು. "ಅವುನಂಡಿ," ಅಂದುಬಿಟ್ಟಳು. ಹೌದು ರೀ, ಕೇಳುವುದಿಲ್ಲ.

ಅಲ್ಲಿಂದ ನಾನು ಕಿವುಡಿಯಾದೆ. ಆ ಹೆಂಗಸು ಪಕ್ಕದವರಿಗೆ ನನ್ನ ವಿಷಯ ಹೇಳಿದರು. ಪಾಪ, ಲಕ್ಷಣವಾಗಿದ್ದಾಳೆ, ಗಂಡ ಬಿಟ್ಟಿದ್ದಾನೋ ಏನೋ, ಈ ಪುಟ್ಟದೇ ಎಲ್ಲ ನೋಡಿಕೊಳ್ಳುತ್ತದೆ. ನನಗೆ ಒಂದೊಂದು ಶಬ್ದವೂ ಕೇಳುತ್ತಿತ್ತು, ಅರ್ಥವೂ ಆಗುತ್ತಿತ್ತು. ಮೈ ಉರಿಯಿತು. ಮಗಳ ತೊಡೆ ಚಿವುಟಿದೆ. ಅವಳು ಕಿಟಕಿಯ ಕಡೆ ತಿರುಗಿ ನಗು ನುಂಗುತ್ತಿದ್ದಳು. ಇಳಿಯುವಾಗ ಆ ಹೆಂಗಸು ನನ್ನ ತಲೆ ಸವರಿ, ಒಂದು ಸೀಬೆಹಣ್ಣು ಕೈಗಿಟ್ಟು ಹೋದರು. ಅಷ್ಟು ಹೊತ್ತಿನ ಸಿಟ್ಟನ್ನು ಏನು ಮಾಡಬೇಕೋ ನನಗೆ ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಮೂವರೂ ಸಮುದ್ರಕ್ಕೆ ಹೋದೆವು. ಮನೆಯವರು ಸುಟ್ಟ ಗೋವಿನಜೋಳ ತರಲು ರಸ್ತೆಯ ಕಡೆಗೆ ಹೋದರು. ಮಗಳು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದಳು, ನಾನು ಸ್ವಲ್ಪ ಹಿಂದೆ ಒಣ ಮರಳಿನಲ್ಲಿ. ಅವಳ ಒಂದು ಚಪ್ಪಲಿ ಅಲೆಗೆ ಸಿಕ್ಕಿತು. ಅದನ್ನು ಹಿಡಿಯಲು ಎರಡು ಹೆಜ್ಜೆ ಮುಂದೆ ಹೋದಳು. ಚಪ್ಪಲಿ ಇನ್ನೂ ಆಚೆ ಹೋಯಿತು. ಅವಳೂ ಹೋದಳು. ಅಲ್ಲಿ ನೀರು ಕಾಲು ಎಳೆಯುತ್ತದೆಂದು ಬೋರ್ಡೇ ಇದೆ.

ಚಪ್ಪಾಳೆ ತಟ್ಟಿದೆ. ಅಲೆಯ ಸದ್ದಿನಲ್ಲಿ ಅದು ನನಗೇ ಕೇಳಲಿಲ್ಲ. ಬೆರಳು ತಾನಾಗಿ ಫೋನಿನ ಮೇಲೆ ಓಡಿತು, 'ಹಿಂದೆ ಬಾ' ಎಂದು ಒತ್ತಿದೆ. ಹಿಂದೆ ಬಾ ಎಂದು ಫೋನು ಸಮಾಧಾನವಾಗಿ, ಮರ್ಯಾದೆಯಿಂದ ನನ್ನ ಅಂಗೈಯೊಳಗೇ ಹೇಳಿತು. ಆಮೇಲೆ ಏನಾಯಿತೆಂದು ನನಗೆ ಪೂರ್ತಿ ನೆನಪಿಲ್ಲ. ಬಾಯಿ ತೆರೆದದ್ದು ನೆನಪಿದೆ. ಓಡಿದ್ದು ನೆನಪಿದೆ. ನೀರು ಸೊಂಟದವರೆಗೆ ಬಂದಿತ್ತು, ಸೀರೆ ಕಾಲಿಗೆ ಸುತ್ತಿಕೊಂಡಿತ್ತು, ಅವಳ ಫ್ರಾಕಿನ ಬೆನ್ನು ನನ್ನ ಮುಷ್ಟಿಯಲ್ಲಿತ್ತು. ಫೋನು ಇನ್ನೊಂದು ಮುಷ್ಟಿಯಲ್ಲೇ ಇತ್ತು, ಉಪ್ಪುನೀರು ಕುಡಿದು ಕಪ್ಪಾಗಿತ್ತು.

ಮರಳಿಗೆ ಬಂದು ಕೂತಾಗ ಮನೆಯವರು ಜೋಳ ಅಲ್ಲೇ ಬಿಸಾಡಿ ಓಡಿ ಬಂದರು. ನಡೆದದ್ದನ್ನು ಮಗಳು ಅಳುತ್ತ ತೆಲುಗು, ಕನ್ನಡ ಬೆರೆಸಿ ಹೇಳಿದಳು. ಅವರು ಅವಳ ತಲೆ ಒರೆಸಿದರು, ಆಮೇಲೆ ನನ್ನ ಮುಖ ನೋಡಿದರು.

"ಒದರಿದ್ಯೇನು?"

ನನಗೆ ಗೊತ್ತಿರಲಿಲ್ಲ. ಗಂಟಲು ಉರಿಯುತ್ತಿತ್ತು. ಅದು ಉಪ್ಪುನೀರೋ, ಓಟವೋ, ಕೂಗೋ? ಮಗಳ ಕಡೆ ತಿರುಗಿದರು. "ಅಮ್ಮ ಒದರಿದ್ದು ಕೇಳಿಸ್ತೇನು?"

"ನಂಗ ಏನೂ ಕೇಳಿಸಲಿಲ್ಲ. ಬರೇ ನೀರಿನ ಸೌಂಡು."

ಮಗಳು ನನ್ನ ಮೊಣಕೈ ಹಿಡಿದು, "ಸಿಟ್ಟು ಬಂದೈತೇನು? ಚೆಪ್ಪು ಅಮ್ಮಾ," ಎಂದು ಕೇಳುತ್ತಲೇ ಇದ್ದಳು. ಹೇಳುವುದು ಯಾತರಿಂದ? ಒದ್ದೆ ಮರಳಿನ ಮೇಲೆ ಬೆರಳಿನಿಂದ ಬರೆದೆ. ಯೋಚನೆ ಮಾಡಿ ಬರೆದದ್ದಲ್ಲ, ಕೈಗೆ ಬಂದದ್ದು ಕನ್ನಡ: ಹೆದರಿದೆ.

ಮನೆಯವರು ಓದಿ ಹೇಳಲು ಬಾಯಿ ತೆರೆದರು. ಅವಳು ಕೈ ಅಡ್ಡ ಹಿಡಿದಳು.

"ನಿಲ್ಲಪ್ಪಾ. ಇದು... ಏದೋ ಒಂದು... ದ, ರಿ, ದೆ." ಮೊದಲ ಅಕ್ಷರದ ಸುತ್ತ ಬೆರಳಾಡಿಸಿದಳು. "ಇದು ಹೆ ನಾ? ಹೆ-ದ-ರಿ-ದೆ. ಹೆದರಿದೆ! ಯಾರು, ನೀನಾ?"

ನಾವಿಬ್ಬರೂ ಅವಳನ್ನೇ ನೋಡಿದೆವು.

"ತೆಲುಗಿನ ಹಂಗ ಐತಿ," ಎಂದು ಮೂಗೊರೆಸಿಕೊಂಡಳು. "ಟೋಪಿ ಅಷ್ಟ ಬ್ಯಾರೆ."

ನಿಜವೇ. ತೆಲುಗು ಅಕ್ಷರದ ತಲೆಯ ಮೇಲೆ ಸರಿ ಗುರುತಿನಂಥದೊಂದು ಕೂತಿರುತ್ತದೆ, ನಮ್ಮದರಲ್ಲಿ ಅದು ಅಡ್ಡಗೆರೆ. ಆ ಹೋಲಿಕೆಯನ್ನು ಹಿಡಿದುಕೊಂಡೇ ನಾವಿಬ್ಬರೂ ನಾಲ್ಕು ವರ್ಷದಿಂದ ಬಸ್ಸಿನ ಬೋರ್ಡು, ಅಂಗಡಿಯ ಹೆಸರು ಓದುತ್ತಿದ್ದೆವು. ಅದೇ ದಾರಿಯಲ್ಲಿ ಅವಳು ಕನ್ನಡದ ಕಡೆಗೆ ಬರಬಹುದೆಂದು ಇಬ್ಬರಿಗೂ ಹೊಳೆದಿರಲಿಲ್ಲ. "ಇನ್ನೊಂದು ಬರಿ," ಎಂದು ಪೀಡಿಸಿದಳು. ಬರೆದೆ. ಒತ್ತಕ್ಷರ ಬಂದಲ್ಲಿ ಎಡವಿದಳು, ಅಪ್ಪನ ಸಹಾಯ ಕೇಳಿದಳು, ಸಿಟ್ಟು ಮಾಡಿಕೊಂಡಳು, ಮತ್ತೆ ಓದಿದಳು. ನಾನು ಬರೆಯುತ್ತಿದ್ದೆನಾದರೂ ಮನಸ್ಸು ಗಂಟಲಿನಲ್ಲಿತ್ತು. ಗಳಿಗೆಗೊಮ್ಮೆ ಉಗುಳು ನುಂಗಿ ನೋವು ಇದೆಯೋ ಎಂದು ನೋಡಿಕೊಳ್ಳುತ್ತಿದ್ದೆ. ಆಪರೇಷನ್ನು ಹಾಳು ಮಾಡಿಕೊಂಡೆ ಎಂಬುದು ನನ್ನ ಮಟ್ಟಿಗೆ ಖಚಿತವಾಗಿತ್ತು.

ವಾಪಸು ಬರುವ ರೈಲಿನಲ್ಲಿ ಫೋನಿಲ್ಲ. ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟು ನೋಡೋಣವೆಂದು ಮನೆಯವರು ಅದನ್ನು ಅಲ್ಲೇ ಇಟ್ಟುಕೊಂಡಿದ್ದರು. ಮಗಳ ಚಿತ್ರದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ನಾನು ಬರೆದೆ, ಅವಳು ಓದಿದಳು. ಪುಸ್ತಕದ ಕನ್ನಡದ ಹಂಗು ಇನ್ನಿರಲಿಲ್ಲ, ನಾವು ಮಾತಾಡಿದಂತೆಯೇ ಬರೆದೆ. "ಏನವಾ, ಹಸಿವು ಆಗೇತೇನು? ಬುತ್ತಿ ಬಿಚ್ಚಲ್ಯಾ?" ಅವಳು ಮೊದಲು ಅಕ್ಷರ ಕೂಡಿಸಿ ಓದಿದಳು. ಇನ್ನೊಮ್ಮೆ ಒಟ್ಟಿಗೆ ಓದಿದಳು. ಎರಡನೇ ಸಲಕ್ಕೆ ಅದು ನನ್ನ ರಾಗದಲ್ಲೇ ಬಂತು. ಏನವಾ ಎನ್ನುವಲ್ಲಿನ ಎಳೆತ, ಕೊನೆಯಲ್ಲಿ ದನಿ ಮೇಲೇಳುವ ಬಗೆ, ಎಲ್ಲ ನನ್ನದೇ. ಹತ್ತು ದಿನದಿಂದ ಕೇಳದಿದ್ದ ನನ್ನ ಮಾತನ್ನು ಅವಳ ಬಾಯಲ್ಲಿ ಕೇಳಿದೆ. ನಾನು ಪೆನ್ನು ಕೆಳಗಿಟ್ಟದ್ದು ನೋಡಿ, "ಆಗೇತಿ, ಆಕಲಿ ಭಾಳ ಆಗೇತಿ, ಬಿಚ್ಚು," ಎಂದು ಬುತ್ತಿಯನ್ನು ತಾನೇ ಎಳೆದುಕೊಂಡಳು.

ಸೋಮವಾರ ಡಾಕ್ಟರ ಮುಂದೆ ಕೂತೆ. ನಡೆದದ್ದನ್ನು ಇಂಗ್ಲಿಷಿನಲ್ಲಿ ಬರೆದು ತೋರಿಸಿದೆ. ಕೊಳವೆ ಇಳಿಯಿತು. ಪರದೆಯ ಮೇಲೆ ಕಾಳು ಇರಲಿಲ್ಲ, ಪಟ್ಟಿಯ ಒಂದು ಅಂಚು ಕೆಂಪಗಿತ್ತು.

"ಕೂಗಿದಿರೋ ಇಲ್ಲವೋ ಇದರಲ್ಲಿ ಹೇಳಲಾಗೋದಿಲ್ಲ. ಸ್ವಲ್ಪ ಬಾವು ಇದೆ. ಇನ್ನೊಂದು ವಾರ ಮೌನ ಮುಂದುವರಿಸಿ."

ಇನ್ನೊಂದು ವಾರ! ಹೊರಗೆ ಬಂದು ಔಷಧಿಯ ಅಂಗಡಿಯ ಮುಂದೆ ನಿಂತು ಅತ್ತುಬಿಟ್ಟೆ, ಸದ್ದು ಮಾಡದೆ.

ಆ ವಾರ ಮೊದಲಿನದಕ್ಕಿಂತ ಉದ್ದವಾಗಿತ್ತು. ನನ್ನ ಫೋನಿಲ್ಲದ್ದರಿಂದ ಬ್ಯಾಂಕಿನವರು ಯಾವಾಗ ಬರುತ್ತೀರೆಂದು ಮಗಳ ಟ್ಯಾಬಿಗೆ ಮೆಸೇಜು ಕಳಿಸುತ್ತಿದ್ದರು. ದನಿಯೇ ಬಾರದಿದ್ದರೆ ಕೌಂಟರಿನ ಕೆಲಸ ಏನಾದೀತೆಂಬ ಯೋಚನೆಯಲ್ಲಿ ನಾನು ಬೇಳೆಯ ಡಬ್ಬಿಗಳನ್ನು ಖಾಲಿ ಮಾಡಿ ತೊಳೆದು ಮತ್ತೆ ತುಂಬುತ್ತಿದ್ದೆ. ಒಂದು ಸಂಜೆ ಅದೇ ಟ್ಯಾಬಿಗೆ ಅವ್ವನ ವಿಡಿಯೋ ಕಾಲ್ ಬಂತು. ನಾನು ಹಾಳೆಯಲ್ಲಿ ಬರೆದೆ, ಮಗಳು ಪಕ್ಕದಲ್ಲಿ ಕೂತು ಓದಿದಳು: "ಅವ್ವಾ, ನಾ ಆರಾಮ ಅದೀನಿ. ಚಿಂತಿ ಮಾಡಬ್ಯಾಡ. ಮಂಡಿ ನೋವು ಹೆಂಗೈತಿ?"

ಅವ್ವ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಂದಳು.

"ಯಾರು ಓದಾಕತ್ತಾರ? ಕೂಸು ಓದಾಕತ್ತೈತೇನು? ಕನ್ನಡಾನ?"

"ಹೌದಜ್ಜಿ. ಟೋಪಿ ತಗದರ ಎಲ್ಲಾ ಬರ್ತೈತಿ," ಅಂದಳು ಮಗಳು.

ಅವ್ವನಿಗೆ ಟೋಪಿಯ ಮಾತು ಅರ್ಥವಾಗಲಿಲ್ಲ. "ಏನ್ ಟೋಪಿಯವಾ?" ಎಂದು ಕೇಳಿ, ವಿವರಣೆ ಬರುವ ಮೊದಲೇ ತನ್ನ ಮಂಡಿಯ ಕತೆ ಶುರುಮಾಡಿದಳು. ಅವರಿಬ್ಬರೂ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ. ಅಲ್ಲಿಯವರೆಗೆ ಮಗಳ ಪಾಲಿಗೆ ಅಜ್ಜಿಯೆಂದರೆ ಹೂಂ, ಆರಾಮ, ಅಮ್ಮಗ ಕೊಡ್ತೀನಿ, ಇಷ್ಟೇ.

ಮುಂದಿನ ಸೋಮವಾರ ಡಾಕ್ಟರು ಅಪ್ಪಣೆ ಕೊಟ್ಟರು. ದಿನಕ್ಕೆ ಸ್ವಲ್ಪ ಸ್ವಲ್ಪ, ಮೆತ್ತಗೆ. ಮಗಳು ಶಾಲೆಯಿಂದ ಬರುವವರೆಗೆ ಕಾದೆ. ಅವಳು ಬೂಟು ಬಿಚ್ಚುತ್ತಿದ್ದಾಗ ಹೆಸರು ಹಿಡಿದು ಕರೆದೆ. ದಪ್ಪಗೆ, ಒರಟಾಗಿ, ಯಾರೋ ದೊಡ್ಡಪ್ಪನ ದನಿಯಂಥದು ಹೊರಬಿತ್ತು. ಅವಳು ಒಂದು ಬೂಟು ಕೈಯಲ್ಲಿ ಹಿಡಿದೇ ನೋಡಿದಳು.

"ಇದು ನಿಂದಲ್ಲ."

"ಮತ್ತ ಯಾರದು?"

"ಗೊತ್ತಿಲ್ಲ. ಇನ್ನೊಮ್ಮೆ ಮಾತಾಡು. ಮೆಲ್ಲಗಾ."

ಇನ್ನೊಮ್ಮೆ ಮಾತಾಡಿದೆ. ತಲೆ ಓರೆ ಮಾಡಿ ಕೇಳಿಸಿಕೊಂಡು, "ಪರವಾಲೇದು, ನಡೀತೈತಿ," ಅಂದಳು.

ದನಿ ಆಮೇಲೆ ಸ್ವಲ್ಪ ತೆಳುವಾಯಿತು, ಮೊದಲಿನಂತೆ ಆಗಲಿಲ್ಲ. ಏರಿಸಿದರೆ ಈಗಲೂ ಒಡೆಯುತ್ತದೆ. ಬ್ಯಾಂಕಿನಲ್ಲಿ ನನ್ನನ್ನು ಕೌಂಟರಿನಿಂದ ಸಾಲದ ವಿಭಾಗಕ್ಕೆ ಹಾಕಿದರು. ಅಲ್ಲಿ ಗಾಜಿಲ್ಲ, ಜನ ಎದುರಿಗೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ವಿಶಾಖಪಟ್ಟಣದ ಶಾಖೆಗೆ ವರ್ಗ ಕೇಳಿ ಅರ್ಜಿ ಹಾಕಿದ್ದೇನೆ. ಮನೆಯವರಿಗೆ ಹೇಳಿದಾಗ, "ಖರೇನ?" ಎಂದು ಎರಡು ಸಲ ಕೇಳಿದರು. ಆದೇಶ ಇನ್ನೂ ಬಂದಿಲ್ಲ. ಬೆಳಿಗ್ಗೆ ಕೆಲಸಕ್ಕೆ ಕೂತ ಕೂಡಲೇ ಮೇಲ್ ತೆರೆದು ನೋಡುತ್ತೇನೆ, ಮಧ್ಯಾಹ್ನ ಊಟದ ನಂತರ ಮತ್ತೊಮ್ಮೆ.

ಮಗಳಿಗೆ ಮಾತ್ರ ಇದು ಒಪ್ಪಿಗೆಯಿಲ್ಲ. ಪಟಮಟದ ಶಾಲೆ, ಗೆಳತಿಯರು, ಕೆಳಗಿನ ಮನೆಯ ಬೆಕ್ಕು, ಯಾವುದನ್ನೂ ಬಿಟ್ಟು ಬರುವುದಿಲ್ಲವಂತೆ. ಊಟದ ಹೊತ್ತಿಗೆ ದಿನವೂ ಇದೇ ಜಗಳ. ನಾನು ದನಿ ಏರಿಸುವಂತಿಲ್ಲ. ಅವಳು ಏರಿಸುತ್ತಾಳೆ.